ಗ್ಯಾರೇಜಿನಲ್ಲಿ ಹಾಲುಕ್ಕಿದ ಮನೆ

ಟೆಕ್ಸಸ್‌ನ ಕ್ಯಾರಲ್ಟನ್‌ನಲ್ಲಿ ನಾವು ಸಾಮಾನು ತರುವ ಇಂಡಿಯನ್ ಅಂಗಡಿಯ ಮುಂದೆ, ಪಾರ್ಕಿಂಗ್ ಲಾಟಿಗೆ ಇಳಿಯುವ ಜಾಗದಲ್ಲಿ, ಹೊಸದಾಗಿ ಒಂದು ಹಳದಿ ಹಾಸು ಕೂರಿಸಿದ್ದಾರೆ. ಅದರ ತುಂಬ ಪುಟ್ಟ ಪುಟ್ಟ ಉಬ್ಬುಗಳು, ಇಡ್ಲಿ ತಟ್ಟೆಯನ್ನು ಮಗುಚಿ ಹಾಕಿದ ಹಾಗೆ. ಹೋದ ಶನಿವಾರ ಒಂದು ಕೈಯಲ್ಲಿ ಕರಿಬೇವು, ಇನ್ನೊಂದು ಕೈಯಲ್ಲಿ ಅಕ್ಕಿ ಚೀಲ ಹಿಡಿದುಕೊಂಡು ಹೊರಗೆ ಬಂದೆ. ಸವೆದ ಚಪ್ಪಲಿಯ ಅಡಿಯಿಂದ ಆ ಉಬ್ಬುಗಳು ಪಾದಕ್ಕೆ ಒತ್ತಿದವು. ನಿಂತುಬಿಟ್ಟೆ. ಹಿಂದೆ ಬರುತ್ತಿದ್ದವರು "ಎಕ್ಸ್‌ಕ್ಯೂಸ್ ಮಿ" ಎಂದು ನನ್ನನ್ನು ಸುತ್ತಿಕೊಂಡು ಹೋದರು. ನನಗೆ ಎದುರುಮನೆ ಆಂಟಿಯ ದನಿ ಕೇಳಿಸುತ್ತಿತ್ತು. "ಚುಕ್ಕೆ ಸಿಕ್ಕಿದ್ರೆ ನಿಂತ್ಕೋಬೇಕು ಕಣೆ, ಗೆರೆ ಸಿಕ್ಕಿದ್ರೆ ನಡೀತಾ ಇರ್ಬೇಕು. ಅಷ್ಟೇ. ಅದಕ್ಕೆ ಕಣ್ಣು ಬೇಡ."

ನಾವು ಲಿಟಲ್ ಎಲ್ಮ್‌ನಲ್ಲಿ ಮನೆ ಮಾಡಿದಾಗ ಆ ಬೀದಿಯಲ್ಲಿ ಕನ್ನಡ ಮಾತಾಡುವವರು ಅವರೊಬ್ಬರೇ. ಅವರು ಮೈಸೂರಿನವರು, ನಾನು ಧಾರವಾಡದವಳು. ನನ್ನ ಮಾತು ಕೇಳಿದರೆ ಅವರಿಗೆ ನಗು. ನಾನೂ ಬಿಡುತ್ತಿರಲಿಲ್ಲ. "ಎಷ್ಟು ಮೆತ್ತಗ ಮಾತಾಡ್ತೀರ್ರಿ ಆಂಟಿ, ನೀವು ಬೈದ್ರೂ ಹರಸಿದಂಗ ಕೇಳಸ್ತದ" ಅಂತಿದ್ದೆ. ಅವರ ಮನೆಯ ಒಗ್ಗರಣೆ ವಾಸನೆ ನಮ್ಮ ಮನೆಗೆ, ನನ್ನ ಸಿಟ್ಟಿನ ಸದ್ದು ಅವರ ಮನೆಗೆ, ಹೀಗೆ ನೆರೆಹೊರೆ ಕೂಡಿಕೊಂಡಿತು.

ಅಂಕಲ್ ಅಷ್ಟು ಹೊತ್ತಿಗಾಗಲೇ ಇರಲಿಲ್ಲ. ಆ ಮನೆಯನ್ನು ಗಂಡ ಹೆಂಡತಿ ಆಷಾಢದಲ್ಲಿ ಕೊಂಡಿದ್ದರಂತೆ. ಊರಿನಿಂದ ಹಿರಿಯರು ಬೇಡ ಬೇಡ ಅಂದಾಗ, ಟೆಕ್ಸಸ್‌ಗೆ ಯಾವ ಆಷಾಢ ಎಂದು ಇಬ್ಬರೂ ನಕ್ಕಿದ್ದರಂತೆ. ವರ್ಷ ತುಂಬುವುದರೊಳಗೆ ಊಟಕ್ಕೆ ಕೂತ ಅಂಕಲ್ ಮತ್ತೆ ಏಳಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಆಂಟಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದು ಬೇರೆ, ಎದೆ ಒಪ್ಪುವುದು ಬೇರೆ. ಒಬ್ಬಳೇ ಮಗಳು ಆಸ್ಟಿನ್ ಹತ್ತಿರ ಫ್ಲೂಗರ್‌ವಿಲ್‌ನಲ್ಲಿ ಕೆಲಸದಲ್ಲಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಆಂಟಿಯ ಕಣ್ಣಿನ ವಿಷಯ ನನಗೆ ತಿಳಿದದ್ದು ಮನೆಯ ಮುಂದೆ ಕಂಬದ ಮೇಲಿರುವ ಮೇಲ್‌ಬಾಕ್ಸಿನಿಂದ. ಒಂದು ಸಲ ಕಾರು ಹಿಂದಕ್ಕೆ ತೆಗೆಯುವಾಗ ತಮ್ಮ ಮನೆಯದನ್ನು ಕೆಡವಿದರು. ಅದಾದ ಸ್ವಲ್ಪ ದಿನಕ್ಕೆ ನಮ್ಮದನ್ನು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ತಯಾರಾಗಿದ್ದರೆ, ಅವರು ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತು ಅತ್ತರು. ಸುತ್ತಲಿಂದ ಕತ್ತಲೆ ಮುಚ್ಚಿಕೊಂಡು ಬರುತ್ತಿತ್ತಂತೆ. ನಡುವೆ ಒಂದು ಬಳೆಯಷ್ಟು ಬೆಳಕು ಉಳಿದಿತ್ತು. ಆ ಬಳೆಯೊಳಗೆ ಬಂದದ್ದು ಕಾಣುತ್ತಿತ್ತು, ಉಳಿದ ಲೋಕ ಇಲ್ಲ. ಹ್ಯೂಸ್ಟನ್‌ನ ಕಣ್ಣಿನ ಡಾಕ್ಟರ ಹತ್ತಿರ ನಾನೇ ಡ್ರೈವ್ ಮಾಡಿಕೊಂಡು ಕರೆದುಕೊಂಡು ಹೋದೆ. ಇದಕ್ಕೆ ಔಷಧಿ ಇಲ್ಲ, ಆ ಬಳೆಯೂ ಕಿರಿದಾಗುತ್ತಾ ಹೋಗುತ್ತದೆ, ಬಹಳ ಕಾಲ ಉಳಿಯಲಾರದು ಎಂದರು ಡಾಕ್ಟರು. ವಾಪಸ್ ಬರುವಾಗ ಪೆಟ್ರೋಲಿಗೆ ನಿಲ್ಲಿಸಿದಾಗ ಆಂಟಿ ಪರ್ಸಿನಿಂದ ಕಾರಿನ ಕೀಲಿ ತೆಗೆದು ನನ್ನ ಕೈಗಿಟ್ಟರು.

ಇಲ್ಲಿ ಕಾರಿನ ಕೀಲಿ ಕೆಳಗಿಟ್ಟರೆ ಉಪ್ಪಿನ ಪೊಟ್ಟಣಕ್ಕೂ ಇನ್ನೊಬ್ಬರ ಮುಖ ನೋಡಬೇಕು. ನಾನಿದ್ದೆ, ಸರಿ. ಆದರೆ ನನಗೂ ಮನೆ, ಮಕ್ಕಳು, ಕೆಲಸ. ಮಗಳಿಗೆ ಯಾಕೆ ಹೇಳಿಲ್ಲ ಎಂದು ಕೇಳಿದೆ. "ಗೊತ್ತಾದ ದಿನಾನೇ ಬಂದು ಕರ್ಕೊಂಡು ಹೋಗಿ ಒಂದು ರೂಮಲ್ಲಿ ಕೂರಿಸ್ತಾಳೆ. ತುಂಬಾ ಒಳ್ಳೆಯವಳು ಕಣೆ. ಅದೇ ನಂಗೆ ಭಯ" ಅಂದರು. ಮಗಳಿಗೆ ಕತ್ತಲಲ್ಲಿ ಸ್ವಲ್ಪ ಮಂಜು, ವಯಸ್ಸಾಯಿತಲ್ಲ, ಎಂದಷ್ಟೇ ಹೇಳಿದ್ದರು.

ಆಮೇಲೆ ಶುರುವಾಯಿತು ಜಪಾನಿನ ಮಾತು.

ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಅಲ್ಲಿದ್ದರು. ಆಂಟಿ ಭಾಷೆ ಕಲಿತು ಅಲ್ಲಿಯೇ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡಿದ್ದರು. ಆ ದೇಶದಲ್ಲಿ ಮನೆ ಮಾರುವವರು ಮೊದಲು ಹೇಳುವುದೇ ಸ್ಟೇಷನ್ನಿನಿಂದ ನಡೆದರೆ ಎಷ್ಟು ನಿಮಿಷ ಎಂಬುದನ್ನಂತೆ. ನಮ್ಮಲ್ಲಿ ಪೂರ್ವದ ಬಾಗಿಲೋ ಉತ್ತರದ ಬಾಗಿಲೋ ಅಂತ ಕೇಳುವ ಹಾಗೆ. ಸ್ಟೇಷನ್ನಿನೊಳಗೆ, ಹೊರಗೆ, ಅಂಗಡಿ ಬೀದಿಯಲ್ಲಿ ಎಲ್ಲ ಕಡೆ ನೆಲದ ಮೇಲೆ ಹಳದಿ ಪಟ್ಟಿ. ಗೆರೆಗಳಿದ್ದರೆ ನಡೆ, ಚುಕ್ಕೆಗಳಿದ್ದರೆ ನಿಲ್ಲು. ಕಣ್ಣಿಲ್ಲದವರು ಅದರ ಮೇಲೆಯೇ ಕೆಲಸಕ್ಕೆ ಹೋಗಿ, ತರಕಾರಿ ಕೊಂಡು, ಮನೆಗೆ ಬರುತ್ತಿದ್ದರಂತೆ. "ಆವಾಗ ಅದರ ಮೇಲೆ ಹೀಲ್ಸ್ ಹಾಕ್ಕೊಂಡು ನಡೆಯೋಕಾಗಲ್ಲ ಅಂತ ಬೈಕೋತಿದ್ದೆ" ಎಂದು ಆಂಟಿ ನಕ್ಕರು.

ಹಳೆಯ ಕಂಪನಿಯವರನ್ನು ಕೇಳಿದರು. ಕಣ್ಣಿನ ವಿಷಯ ಮುಚ್ಚಿಡದೆ ಹೇಳಿದರು. ಓದಿ ಹೇಳುವ ಸಾಫ್ಟ್‌ವೇರ್ ಇದೆ, ನೀವು ಬನ್ನಿ, ವೀಸಾ ನಾವು ನೋಡಿಕೊಳ್ಳುತ್ತೇವೆ ಎಂದರಂತೆ. ಬಾಡಿಗೆ ಮನೆ ಮಾತ್ರ ಸಿಗಲಿಲ್ಲ. ಹೊರದೇಶದವಳು, ಒಂಟಿ, ಅದರ ಮೇಲೆ ಕಣ್ಣು ಬೇರೆ. ಮಾಲೀಕರು ಒಬ್ಬೊಬ್ಬರಾಗಿ ನಯವಾಗಿ ಆಗುವುದಿಲ್ಲ ಎಂದರು. ಕೊಂಡುಕೊಳ್ಳುತ್ತೇನೆ ಎಂದರೆ ಯಾರೂ ಏನೂ ಕೇಳುವುದಿಲ್ಲ ಎಂದು ಒಬ್ಬ ಬ್ರೋಕರ್ ಹೇಳಿದ. ಹಾಗೆ ಸಿಕ್ಕಿತು ಆ ಫ್ಲಾಟ್. ಹಳೆಯ ಕಟ್ಟಡ, ಎರಡನೇ ಮಹಡಿ, ಒಂದು ಮೂಲೆ. ಸ್ಟೇಷನ್ನಿನಿಂದ ನಡಿಗೆ ಆರು ನಿಮಿಷ. ಬ್ರೋಕರ್ ವೀಡಿಯೊ ಕಾಲಿನಲ್ಲಿ ಕೋಣೆ ಕೋಣೆ ತೋರಿಸಿ ಒಂದೊಂದು ಕೋಣೆಗೂ ಒಂದೊಂದು ಸಲ ಬಗ್ಗಿ ನಮಸ್ಕರಿಸುತ್ತಿದ್ದ. ಭೂಕಂಪದ ದೇಶದಲ್ಲಿ ಇಷ್ಟು ಹಳೆಯ ಬಿಲ್ಡಿಂಗ್ ಯಾಕೆ ಅಂತ ನನ್ನ ಗಂಡ ಕೇಳಿದ್ದಕ್ಕೆ ಆಂಟಿ, "ನನ್ನ ಕಣ್ಣಿಗಿಂತ ಗಟ್ಟಿಯಾಗಿದೆ ಬಿಡಪ್ಪ" ಅಂದರು.

ಅವರಿಗಿದ್ದ ಆತುರ ಮನೆ ಕೈತಪ್ಪುತ್ತದೆ ಎಂದಷ್ಟೇ ಅಲ್ಲ. ಕಣ್ಣಿರುವಾಗಲೇ ಆ ಮನೆಯನ್ನು ಒಂದು ಸಲ ನೋಡಿಕೊಳ್ಳಬೇಕಿತ್ತು. ಬಾಗಿಲು ಎಲ್ಲಿ, ಒಲೆ ಎಲ್ಲಿ, ಕಿಟಕಿಯಿಂದ ಏನು ಕಾಣುತ್ತದೆ... ಒಮ್ಮೆ ನೋಡಿ ತಲೆಯೊಳಗೆ ಇಟ್ಟುಕೊಂಡರೆ ಉಳಿದ ಆಯಸ್ಸಿಗೆಲ್ಲ ಸಾಕು ಎನ್ನುತ್ತಿದ್ದರು. ಬಳೆ ದಿನದಿನಕ್ಕೆ ಉಂಗುರವಾಗುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಎದುರು ನಿಂತು, ನಮ್ಮ ಮನೆಯ ಬಾಗಿಲು ಇನ್ನೂ ಪೂರ್ತಿ ಕಾಣುತ್ತದಾ ಎಂದು ನೋಡಿಕೊಳ್ಳುತ್ತಿದ್ದರು. ನನಗೆ ಅದು ಗೊತ್ತಾದ ಮೇಲೆ ನಾನೂ ಬಾಗಿಲು ತೆರೆದು ಕೈಬೀಸುತ್ತಿದ್ದೆ. ಒಂದು ದಿನ ಅವರು ತಿರುಗಿ ಕೈಬೀಸಲಿಲ್ಲ. ಬಿಸಿಲಿರಬೇಕು ಅಂದುಕೊಂಡೆ...

ಹೋಗಿ ನೋಡುವ ತನಕ ಕಾಯುವುದು ಅವರಿಂದಾಗಲಿಲ್ಲ. ಬ್ರೋಕರ್ ಕಳಿಸಿದ ನಕ್ಷೆ ತಂದು ನನ್ನ ಮುಂದೆ ಹಿಡಿದರು. ನಾನು ಅಳತೆ ನೋಡಿ ನಗು ತಡೆಯಲಾರದೆ, "ಇದನ್ನ ಮನಿ ಅಂತೀರ್ರಿ ಆಂಟಿ? ನಿಮ್ಮ ಗ್ಯಾರೇಜಿನಾಗ ಮುಗದುಹೋಗ್ತದ" ಅಂದೆ. ತಮಾಷೆಗೆ ಅಂದದ್ದು. ಮರುದಿನ ನೋಡುತ್ತೇನೆ, ಆಂಟಿ ಗ್ಯಾರೇಜು ಖಾಲಿ ಮಾಡಿಸಿ ಗುಡಿಸಿಟ್ಟಿದ್ದಾರೆ.

ಮಂಡಿಯೂರಿ, ಸೀಮೆಸುಣ್ಣದಲ್ಲಿ ಆ ಮನೆಯನ್ನು ನೆಲದ ಮೇಲೆ ಬರೆದೆವು. ನಿಜವಾದ ಅಳತೆಯಲ್ಲೇ. ಗೆರೆ ಕಾಲಿಗೆ ಸಿಗಲಿ ಅಂತ ಅದರ ಮೇಲೆ ಬಟ್ಟೆ ಒಣಹಾಕುವ ಹಗ್ಗ ಅಂಟಿಸಿದೆವು. ಜಪಾನಿನ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ಚಪ್ಪಲಿ ಬಿಡುವ ತಗ್ಗು ಜಾಗ, ಅಲ್ಲಿಂದ ಒಂದು ಮೆಟ್ಟಿಲೆತ್ತರಕ್ಕೆ ಮನೆಯ ನೆಲ. ಅದಕ್ಕೊಂದು ಹಲಗೆ ಇಟ್ಟೆವು. ಆಂಟಿ ಕಣ್ಣು ಮುಚ್ಚಿಕೊಂಡು ಬರುತ್ತಿದ್ದರು. ಚಪ್ಪಲಿ ಬಿಡುವುದು, ಬಲಗಾಲು ಎತ್ತಿ ಹಲಗೆ ಹತ್ತುವುದು, ಎಡಕ್ಕೆ ತಿರುಗಿದರೆ ಅಡಿಗೆಮನೆ, ನೇರ ಹೋದರೆ ಬಾಲ್ಕನಿ. ಮೊದಮೊದಲು ಹಲಗೆಗೆ ಎಡವುತ್ತಿದ್ದರು. ಕೊನೆಗೆ ಆ ಕಾಲು ತಾನೇ ತಾನಾಗಿ ಏಳತೊಡಗಿತು. ಬಾಲ್ಕನಿಗೆ ಬಂದು, ನನ್ನ ಹಳೆಯ ಸೈಕಲ್ಲಿನ ಹ್ಯಾಂಡಲ್ಲನ್ನೇ ಕಂಬಿಯೆಂದು ಹಿಡಿದುಕೊಂಡು, "ಟ್ರೈನ್ ಬಂತು ನೋಡು" ಎನ್ನುತ್ತಿದ್ದರು. ಎದುರಿಗೆ ಹುಲ್ಲು ಕತ್ತರಿಸುವವನ ಮಷೀನು ಗುರ್ ಅನ್ನುತ್ತಿರುತ್ತಿತ್ತು.

ಅಷ್ಟರಲ್ಲಿ ಫ್ಲಾಟಿನ ಕರಾರಿಗೆ ಸಹಿ ಹಾಕುವ ದಿನ ಗೊತ್ತಾಯಿತು. ಕ್ಯಾಲೆಂಡರ್ ನೋಡಿದರೆ ಆಷಾಢ. ಆಂಟಿ ಬಿಳಿಚಿಹೋದರು. ಮುಂದಕ್ಕೆ ಹಾಕಿ ಎಂದು ಕೇಳಿದರೆ, ಇನ್ನೊಬ್ಬರು ಕಾದಿದ್ದಾರೆ, ಆಗುವುದಿಲ್ಲ ಎಂದ ಬ್ರೋಕರ್. ಎರಡು ದಿನ ಅವರು ಊಟ ಮಾಡಲಿಲ್ಲ. ಒಂದು ಸಲ ನಕ್ಕಿದ್ದು ಸಾಕು ಎನ್ನುವರು, ಮತ್ತೆ ಕಣ್ಣು ಹಿಡಿದುಕೊಂಡು ಕೂರುವರು. ಕೊನೆಗೆ ಅವರೇ ಒಂದು ಉಪಾಯ ಕಂಡುಕೊಂಡರು. ಆಷಾಢ ಹುಟ್ಟುವ ಮೊದಲೇ ಹಾಲು ಉಕ್ಕಿಸಿಬಿಟ್ಟರೆ? ಗೃಹಪ್ರವೇಶ ಆಗಿಹೋಯಿತು, ಆಮೇಲೆ ಸಹಿ ಬರೀ ಸಹಿ. ಮನೆ ಎಲ್ಲಿದೆ ಹಾಲು ಉಕ್ಕಿಸಲು ಎಂದರೆ, ಗ್ಯಾರೇಜಿನಲ್ಲಿ ಇದೆಯಲ್ಲ! ದೇವಸ್ಥಾನದ ಭಟ್ಟರಿಗೆ ಫೋನ್ ಮಾಡಿದೆವು. ಅವರು ಪಂಚಾಂಗ ತಿರುವಿ, "ಗ್ಯಾರೇಜಿನಲ್ಲಿ ಬೇಡ ಅಂತ ಯಾವ ಶಾಸ್ತ್ರದಲ್ಲೂ ಹೇಳಿಲ್ಲ ತಾಯಿ" ಎಂದು ಮುಹೂರ್ತ ಕೊಟ್ಟರು.

ನಾವಿಬ್ಬರೇ ಮಾಡಿ ಮುಗಿಸೋಣ ಅಂದೆ. ಆಂಟಿ ಒಪ್ಪಲಿಲ್ಲ. ಮನೆಮಗಳಿಲ್ಲದೆ ಹಾಲು ಉಕ್ಕಿಸುವುದು ಎಲ್ಲಾದರೂ ಉಂಟೇ? ಮೊದಲ ಬಟ್ಟಲು ಹಾಲು ಅವಳ ಕೈಗೇ ಕೊಡಬೇಕು. ಮಗಳು ಜಪಾನಿಗೆ ಅರೆಮನಸ್ಸಿನಿಂದ ಒಪ್ಪಿದ್ದಳು. ಲಿಟಲ್ ಎಲ್ಮ್‌ನ ಮನೆ ಅಂಕಲ್ ಹೋದ ಮೇಲೆ ತಾಯಿಮಗಳಿಬ್ಬರ ಹೆಸರಿನಲ್ಲಿತ್ತು. ಅದನ್ನು ಮಾರಿಯೇ ಫ್ಲಾಟ್ ಕೊಳ್ಳಬೇಕು, ಮಾರಲು ಅವಳ ಸಹಿಯೂ ಬೇಕು. ಅವಳು ಹಿಂದಿನ ದಿನವೇ ಬಂದಳು. ಮನೆಯೊಳಗೆ ಆಂಟಿಗೆ ಪ್ರತಿ ವಸ್ತುವೂ ಬಾಯಿಪಾಠ, ಮಗಳಿಗೆ ಏನೂ ಗೊತ್ತಾಗಲಿಲ್ಲ.

ಬೆಳಿಗ್ಗೆಯೇ ಸೆಕೆ. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ, ಫ್ಯಾನ್ ಹಾಕಿ, ಹಗ್ಗದ ಅಡಿಗೆಮನೆಯಲ್ಲಿ ಕೊರಿಯನ್ ಅಂಗಡಿಯಿಂದ ತಂದ ಪುಟ್ಟ ಗ್ಯಾಸ್ ಒಲೆ ಇಟ್ಟೆವು. ಬಾಗಿಲ ಬಳಿ ನಾನು ರಂಗೋಲಿ ಹಾಕಿದೆ. ಆಂಟಿ ಹಳದಿ ಸೀರೆ ಉಟ್ಟಿದ್ದರು. ಹಲಗೆಯ ಮೇಲೆ ಬಲಗಾಲಿಟ್ಟು ಒಳಗೆ ಬಂದರು, ಮಗಳ ಮುಖದಲ್ಲಿ ನಗು. "ದಿಸ್ ಈಸ್ ಸೋ ಕ್ಯೂಟ್, ಅಮ್ಮಾ" ಅಂದಳು. ಹಾಲು ಉಕ್ಕಿತು. ಅಷ್ಟು ಚೆನ್ನಾಗಿ, ಪಾತ್ರೆಯ ಸುತ್ತ ನೊರೆನೊರೆಯಾಗಿ ಉಕ್ಕಿದ್ದನ್ನು ನಾನು ನಮ್ಮ ಮನೆಯ ಗೃಹಪ್ರವೇಶದಲ್ಲೂ ಕಂಡಿಲ್ಲ. ಸೀದ ವಾಸನೆ ಬಂದದ್ದೇ ಆಂಟಿ ಎರಡೂ ಕೈ ಮುಗಿದರು. ಅವರ ಮುಖ ಹಾಗೆ ಬೆಳಗಿದ್ದನ್ನು ನಾನು ಅದೊಂದೇ ದಿನ ನೋಡಿದ್ದು.

ಸಕ್ಕರೆ ಒಳಗೇ ಉಳಿದಿತ್ತು, ತರಲು ಹೋದೆ. ಡಬ್ಬಿ ಹಿಡಿದು ಬಾಗಿಲಿಗೆ ಬಂದಾಗ ತಾಯಿ ಮಗಳು ಎದುರುಬದುರು ನಿಂತಿದ್ದರು. ಮಗಳು ಬೆಳ್ಳಿ ಬಟ್ಟಲು ಚಾಚಿದ್ದಳು. ಆಂಟಿ ನಗುತ್ತಾ, ಸೌಟಿನಿಂದ ಬಿಸಿ ಹಾಲನ್ನು ನಿಧಾನವಾಗಿ ಹುಯ್ಯುತ್ತಿದ್ದರು. ಹಾಲು ಬಟ್ಟಲಿಗೆ ಬೀಳುತ್ತಿರಲಿಲ್ಲ. ಮಗಳ ಮಣಿಕಟ್ಟಿನ ಮೇಲೆ ಬಿದ್ದು, ಮೊಣಕೈಗೆ ಹರಿದು, ನೆಲದ ಹಗ್ಗದ ಮೇಲೆ ತೊಟ್ಟಿಕ್ಕುತ್ತಿತ್ತು. ಹುಡುಗಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಕೂಗಲಿಲ್ಲ. ತಾಯಿಯ ಕಣ್ಣನ್ನೇ ನೋಡುತ್ತಿದ್ದಳು.

"ಸಾಕಾ ಚಿನ್ನಾ? ತುಂಬಿತಾ?" ಎಂದರು ಆಂಟಿ.

"ಅಮ್ಮಾ... ಯು ಕಾಂಟ್ ಸೀ ಮಿ" ಅಂದಳು ಮಗಳು.

ಆಮೇಲಿನದು ನೆನೆಸಿಕೊಳ್ಳಲು ಮನಸ್ಸಿಲ್ಲ. ತಣ್ಣೀರಿನ ನಲ್ಲಿಯ ಕೆಳಗೆ ಅವಳ ಕೈ ಹಿಡಿದುಕೊಂಡು ನಾನು ನಿಂತಿದ್ದೆ. ಆಂಟಿ ಹಿಂದೆ ನಿಂತು "ಎಲ್ಲಿ ಬಿತ್ತು? ಎಲ್ಲಿ ಸುಟ್ಟಿತು? ಯಾರಾದ್ರೂ ಹೇಳ್ರೇ" ಎಂದು ಗಾಳಿಯಲ್ಲಿ ಕೈಯಾಡಿಸುತ್ತಿದ್ದರು. ಮಧ್ಯಾಹ್ನವೆಲ್ಲ ತಾಯಿ ಮಗಳ ಮಾತು ನಡೆಯಿತು. ಪ್ಲಾಟ್‌ಫಾರ್ಮಿನಿಂದ ಹಳಿಯ ಮೇಲೆ ಬಿದ್ದರೆ ಯಾರು ಗತಿ, ಯಾರೂ ಇಲ್ಲದ ಊರಿನಲ್ಲಿ ಜ್ವರ ಬಂದರೆ ಯಾರು ಗತಿ ಎಂದು ಅವಳು ಇಂಗ್ಲಿಷಿನಲ್ಲಿ ಅಳುತ್ತಿದ್ದಳು. ಇವರು ಕನ್ನಡದಲ್ಲಿ ಬೇಡುತ್ತಿದ್ದರು. ಒಂದು ಸಲ ನೋಡಿಕೊಂಡು ಬರುತ್ತೇನೆ, ಸಹಿ ಹಾಕು, ನಿನ್ನ ಕಾಲು ಹಿಡಿಯುತ್ತೇನೆ ಎಂದರು. ತಾಯಿಯ ಬಾಯಲ್ಲಿ ಆ ಮಾತು ಬಂದಾಗ ನಾನು ಎದ್ದು ನಮ್ಮ ಮನೆಗೆ ಬಂದುಬಿಟ್ಟೆ.

ಅವಳು ಸಹಿ ಹಾಕಲಿಲ್ಲ. ಕೆಟ್ಟವಳಾಗಿದ್ದರೆ ಬೈಯಬಹುದಿತ್ತು. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು, ತಾಯಿಗೆ ಅನ್ನ ಕಲಸಿ ಕೊಟ್ಟು, ಜಾಗ ಬಿಟ್ಟು ಅಲುಗಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ನಾಳೆ ಹೀಗೇ ಮಾಡಿದರೆ ನಾನು ಏನು ಹೇಳಲಿ? ಆಂಟಿ ಮಾತ್ರ ಕರಾರಿನ ಗಡುವಿನ ಕೊನೆಯ ದಿನದವರೆಗೂ ಬಿಡಲಿಲ್ಲ. ಫೋನನ್ನು ಕಿವಿಗೊತ್ತಿಕೊಂಡು ಬ್ರೋಕರ್ ಜೊತೆ ಜಪಾನಿಯಲ್ಲಿ ಮಾತಾಡುತ್ತಾ, ಇನ್ನೊಂದು ವಾರ, ಇನ್ನೊಂದೇ ವಾರ ಎಂದಿರಬೇಕು, ಪ್ರತಿ ಮಾತಿಗೂ ಸೊಂಟದವರೆಗೆ ಬಗ್ಗುತ್ತಿದ್ದರು. ಅತ್ತ ಕಡೆಯವನಿಗೆ ಕಾಣುವುದಿಲ್ಲ, ಇವರಿಗೂ ಕಾಣುವುದಿಲ್ಲ. ಗೋಡೆಗೆ ಹಣೆ ತಾಗುವಷ್ಟು ಬಗ್ಗುತ್ತಿದ್ದರು. ಫ್ಲಾಟ್ ಕಾದಿದ್ದವರ ಪಾಲಾಯಿತು.

ಶ್ರಾವಣದಲ್ಲಿ ಲಿಟಲ್ ಎಲ್ಮ್‌ನ ಮನೆ ಮಾರಿದರು, ಫ್ಲೂಗರ್‌ವಿಲ್‌ಗೆ ಶಿಫ್ಟ್ ಆಗಲು. ಆಗ ಮಗಳು ಸಹಿ ಹಾಕಿದಳು. ಕೊಂಡವರು ಬಂದ ಮೊದಲ ವಾರವೇ ಗ್ಯಾರೇಜನ್ನು ಪ್ರೆಷರ್ ವಾಷ್ ಮಾಡಿಸಿದರು. ಹಗ್ಗ ಕಿತ್ತು ಡ್ರೈವ್‌ವೇಯಲ್ಲಿ ಗುಡ್ಡೆ ಹಾಕಿದ್ದರು. ಅಡಿಗೆಮನೆ, ಬಾಲ್ಕನಿ ಎಲ್ಲ ಬಿಳಿ ನೀರಾಗಿ ನಮ್ಮ ಮನೆಯ ಕಡೆಗೇ ಹರಿದು ಬಂದು ಚರಂಡಿಗೆ ಇಳಿಯಿತು.

ನಾನು ಫ್ಲೂಗರ್‌ವಿಲ್‌ಗೆ ಆಗಾಗ ಹೋಗುತ್ತಿದ್ದೆ. ಮಗಳು ಏನೂ ಕಡಿಮೆ ಮಾಡಿರಲಿಲ್ಲ. ಕೆಳಗಿನ ರೂಮು, ಮಾತಾಡುವ ಗಡಿಯಾರ, ಗೋಡೆಗೆಲ್ಲ ಹಿಡಿಕೆ. ಹೊರಗಿನ ಫುಟ್‌ಪಾತ್ ಆ ಬೀದಿಯ ತುದಿಯವರೆಗೆ ಹೋಗಿ ಹುಲ್ಲಿನಲ್ಲಿ ಮುಗಿದುಹೋಗುತ್ತಿತ್ತು. ಆಂಟಿ ತೆಳ್ಳಗಾಗಿದ್ದರು, ಮೊದಲಿನಂತೆಯೇ ಮೆತ್ತಗೆ ಮಾತಾಡುತ್ತಿದ್ದರು, ಜಪಾನಿನ ಹೆಸರೆತ್ತಲಿಲ್ಲ. ಒಂದು ಸಲ ಅವರು ನಡುಮನೆಯಿಂದ ರೂಮಿಗೆ ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಲಗಾಲನ್ನು ಎತ್ತರಕ್ಕೆ ಎತ್ತಿ ಒಳಗಿಟ್ಟರು. ಅಲ್ಲಿ ಮೆಟ್ಟಿಲಿಲ್ಲ, ಹೊಸ್ತಿಲೂ ಇಲ್ಲ, ಸಪಾಟು ಕಾರ್ಪೆಟ್ಟು. ಮಗಳು ಪಿಸುಗುಟ್ಟಿದಳು, ದಿನಾ ಹೀಗೇ ಮಾಡುತ್ತಾರೆ, ಬ್ಯಾಲೆನ್ಸ್ ತೊಂದರೆ ಇರಬಹುದಂತೆ ಎಂದು. ಒಳಗೆ ಆಂಟಿ ಎಡಕ್ಕೆ ತಿರುಗಿದರು, ಸ್ವಲ್ಪ ನಿಂತರು. ಆಮೇಲೆ ನೇರ ಹೋಗಿ ಕಿಟಕಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಏನೋ ಬರುವುದನ್ನು ಕಾಯುವವರ ಹಾಗೆ...

ನಾನು ಬಾಯಿ ಬಿಡಲಿಲ್ಲ. ಅವರ ಕೈಯಲ್ಲಿ ಉಳಿದಿದ್ದದ್ದು ಅದೊಂದೇ, ಅವರಾಗಿ ಹೇಳದೆ ನಾನು ಹೇಗೆ ಹೇಳಲಿ?

ಹೋದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ನ್ಯುಮೋನಿಯಾ ಎಂದರು. ಹೋದ ತಿಂಗಳು ಮಗಳು ಫೋನ್ ಮಾಡಿದ್ದಳು. ರೂಮು ಖಾಲಿ ಮಾಡುತ್ತಿದ್ದಳಂತೆ. ಬಾಗಿಲಿನಿಂದ ಎಡಕ್ಕೆ, ಅಲ್ಲಿಂದ ಕಿಟಕಿಗೆ ಕಾರ್ಪೆಟ್ಟು ದಾರಿಯ ಹಾಗೆ ಸವೆದಿದೆ, ಅದು ಹಾಸಿಗೆಗೂ ಹೋಗುವುದಿಲ್ಲ, ಬಾತ್‌ರೂಮಿಗೂ ಹೋಗುವುದಿಲ್ಲ, ನಿಮಗೇನಾದರೂ ಗೊತ್ತಾ ಎಂದು ಕೇಳಿದಳು. ಈಗ ಹೇಳಬಹುದು ಅನ್ನಿಸಿತು. ಹಲಗೆಯ ವಿಷಯ, ಅಡಿಗೆಮನೆಯ ವಿಷಯ, ಬಾಲ್ಕನಿಯ ವಿಷಯ ಎಲ್ಲ ಹೇಳಿದೆ. ನನ್ನ ಜೊತೆ ಎಂದೂ ಒಂದು ವಾಕ್ಯ ಪೂರ್ತಿ ಕನ್ನಡ ಆಡದ ಹುಡುಗಿ, ತಡವರಿಸುತ್ತಾ ಕೇಳಿದಳು.

"ಅಮ್ಮ ದಿನಾ... ಆ ಮನೆಗೆ ಹೋಗ್ತಾ ಇದ್ರಾ?"

"ಹೌದವ್ವ" ಅಂದೆ.

ಅಂಗಡಿಯ ಮುಂದೆ ಆ ಹಳದಿ ಹಾಸಿನ ಮೇಲೆ ನಿಂತು ಇದೆಲ್ಲ ಬಂದು ಹೋಯಿತು. ಬಗ್ಗಿ ನೋಡಿದೆ, ಗೆರೆಗಳು ಎಲ್ಲಾದರೂ ಇವೆಯೇ ಎಂದು. ಇರಲಿಲ್ಲ. ಹಾಸು ಮುಗಿದ ಕಡೆ ಡಾಂಬರು, ಅದರಾಚೆ ಕಾರುಗಳು. ಚುಕ್ಕೆ ಇಟ್ಟು, ಗೆರೆ ಎಳೆಯದೆ ಎದ್ದುಹೋದ ರಂಗೋಲಿಯ ಹಾಗೆ. ಆಂಟಿ ಇಲ್ಲ, ಎದುರುಮನೆಯ ಕಿಟಕಿಯಲ್ಲಿ ಈಗ ಬೇರೆ ಯಾರದೋ ಪರದೆ. ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕಿಯ ಭಾರಕ್ಕೆ ಕೈ ಸೋಲುತ್ತಿತ್ತು, ಯಾವುದೋ ಕಾರು ಹಾರ್ನ್ ಮಾಡಿತು, ನನ್ನ ಗಂಡ ದೂರದಿಂದ ಹೆಸರು ಹಿಡಿದು ಕೂಗಿದ. ಕಾಲ ಕೆಳಗೆ ಬರೀ ಚುಕ್ಕೆಗಳು. ಆಂಟಿ ಹೇಳಿಕೊಟ್ಟ ಹಾಗೆ ನಿಂತೇ ಇದ್ದೆ.